ಹೆಸರಿಡುವ ಮುನ್ನ ನಾಲ್ಕು ಬಾಯಲ್ಲಿ ಹೇಳಿಸಿ

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕಿನಿಂದ ಗೃಹಿಣಿಯೊಬ್ಬರು ಪತ್ರ ಬರೆದಿದ್ದಾರೆ. ಒಂಬತ್ತು ಜನ ಹೆಂಗಸರು ಸೇರಿ ಸ್ವಸಹಾಯ ಸಂಘ ಮಾಡಿಕೊಂಡು, ಬ್ಯಾಂಕಿನಲ್ಲಿ ಸಾಲ ತೆಗೆದು, ಎರಡು ವರ್ಷದಿಂದ ಊದುಬತ್ತಿ ಹೊಸೆಯುತ್ತಿದ್ದಾರೆ. ಮೊದಮೊದಲು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸಂತೆಯಲ್ಲಿ ಮಾರುತ್ತಿದ್ದವರು ಈ ಸಲ ಚೆಂದದ ಡಬ್ಬಿ ಮಾಡಿಸಿದರಂತೆ. ಹೆಸರು 'ಗಂಧ'. ಒಂದು ಮುಖಕ್ಕೆ ಕನ್ನಡದಲ್ಲಿ, ಇನ್ನೊಂದು ಮುಖಕ್ಕೆ ಇಂಗ್ಲಿಷ್ ಅಕ್ಷರದಲ್ಲಿ. ಒಟ್ಟು ಎರಡು ಸಾವಿರ ಡಬ್ಬಿ. ಉತ್ತರ ಭಾರತದ ಒಂದು ಮೇಳದಲ್ಲಿ ಮಳಿಗೆ ಸಿಕ್ಕಿತು ಅಂತ ಮೂವರು ಖುಷಿಯಿಂದ ರೈಲು ಹತ್ತಿದರು.

ಮೊದಲ ದಿನವೇ ಒಬ್ಬ ಹುಡುಗ ಡಬ್ಬಿ ಎತ್ತಿಕೊಂಡು ಜೋರಾಗಿ ಓದಿದ: 'ಗಂದಾ ಅಗರಬತ್ತಿ!' ಸುತ್ತ ಇದ್ದವರೆಲ್ಲ ಗೊಳ್ಳೆಂದರು. ಆಗಿದ್ದಿಷ್ಟೇ. ಇಂಗ್ಲಿಷಿನಲ್ಲಿ ಡಿ ಆದ ಮೇಲೆ ಬರಬೇಕಿದ್ದ ಎಚ್ ಪ್ರೆಸ್ಸಿನಲ್ಲಿ ಬಿಟ್ಟುಹೋಗಿತ್ತು. ಹಿಂದಿಯಲ್ಲಿ ಗಂದಾ ಅಂದ್ರೆ ಗಲೀಜು, ಕೊಳಕು. 'ಮೂರು ದಿನ ನಗುವವರ ಮುಂದೆ ಕೂತಿದ್ದೆವು ಮೇಡಂ. ನಮ್ಮ ಬತ್ತಿಯನ್ನು ಒಬ್ಬರೂ ಮೂಸಿ ನೋಡಲಿಲ್ಲ. ಈಗ ಡಬ್ಬಿಗಳನ್ನು ಒಲೆಗೆ ಹಾಕಬೇಕಾ, ಸ್ಟಿಕ್ಕರ್ ಅಂಟಿಸಿದರೆ ಸಾಕಾ? ಮನೆಯವರು ನಾನು ಮೊದಲೇ ಹೇಳಿರಲಿಲ್ವಾ ಅಂತಿದ್ದಾರೆ' ಎಂದು ಕೇಳಿದ್ದಾರೆ.

ಆ ಕೊನೆಯ ಸಾಲೇ ಪತ್ರದಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅನ್ನಿಸಿತು. ಗಂಡಸರ ಅಂಗಡಿಯಲ್ಲಿ ಹೆಸರು ಎಡವಟ್ಟಾದರೆ ಅದು ಪ್ರೆಸ್ಸಿನವನ ತಪ್ಪು. ಹೆಂಗಸರದ್ದಾದರೆ 'ನಿಮಗ್ಯಾಕೆ ಬೇಕಿತ್ತು ವ್ಯಾಪಾರ' ಅನ್ನೋ ಮಾತು ಬಾಗಿಲಲ್ಲೇ ಕಾಯ್ತಾ ಇರುತ್ತೆ. ಅದಕ್ಕೇ ಈ ವಾರ ಇದನ್ನೇ ಮಾತಾಡೋಣ ಅಂತ.

ಮೊದಲು ಸಮಾಧಾನ ಮಾಡಿಕೊಳ್ಳಿ ಗೆಳತಿ. ಕೋಟಿಗಟ್ಟಲೆ ದುಡ್ಡು ಸುರಿಯುವ ಕಂಪನಿಗಳೇ ಈ ಗುಂಡಿಗೆ ಬಿದ್ದಿವೆ. ಜಪಾನಿನ ಮಿತ್ಸುಬಿಷಿಯವರ ಪಜೆರೋ ಗಾಡಿ ನಮ್ಮ ದೇಶದಲ್ಲೂ ಓಡಾಡುತ್ತಿತ್ತಲ್ಲ, ಆ ಶಬ್ದ ಸ್ಪ್ಯಾನಿಷ್ ಆಡುಮಾತಿನಲ್ಲಿ ನಾವಿಲ್ಲಿ ಬರೆಯಲಾಗದಂಥ ಬೈಗುಳ. ಸ್ಪೇನಿನಲ್ಲಿ ಅದನ್ನೇ ಮೊಂಟೆರೊ ಅಂತ ಮಾರಿದರು. ಟಾಟಾದವರು ಒಂದು ಪುಟ್ಟ ಕಾರಿಗೆ 'ಜಿಕಾ' ಅಂತ ಹೆಸರಿಟ್ಟು ಇನ್ನೇನು ಮಾರುಕಟ್ಟೆಗೆ ಬಿಡಬೇಕು ಅನ್ನುವಾಗ ಜಿಕಾ ವೈರಸ್ಸಿನ ಸುದ್ದಿ ಎಲ್ಲ ಕಡೆ ಹಬ್ಬಿತು. 2016ರಲ್ಲಿ ಕೊನೇ ಗಳಿಗೆಯಲ್ಲಿ ಹೆಸರು ಬದಲಿಸಿ 'ಟಿಯಾಗೊ' ಅಂದರು. ಯಾರೂ ಅವರನ್ನು 'ನಿಮಗ್ಯಾಕೆ ಬೇಕಿತ್ತು' ಅನ್ನಲಿಲ್ಲ!

ಈಗ ನಿಮ್ಮ ಡಬ್ಬಿಯ ವಿಷಯಕ್ಕೆ ಬರೋಣ. ಎಚ್ ಸೇರಿಸಿ ಮತ್ತೆ ಮುದ್ರಿಸಿದರೆ ಸರಿಹೋಗುತ್ತೆ ಅಂತ ನೀವು ಅಂದುಕೊಂಡಿರಬಹುದು. ಪೂರ್ತಿ ಸರಿಹೋಗಲ್ಲ. ನಮಗೆ ಗಂಧ ಅಂದ ಕೂಡಲೇ ಸಾಣೆಕಲ್ಲು, ದೇವರ ಮನೆ, ಹಣೆಯ ಬೊಟ್ಟು ಕಣ್ಣಿಗೆ ಬರುತ್ತವೆ. ಹಿಂದಿಯವರಿಗೆ ಗಂಧ್ ಅಂದರೆ ಬರೀ ವಾಸನೆ. ಆಡುವ ಮಾತಿನಲ್ಲಂತೂ ಎಷ್ಟೋ ಸಲ ಕೆಟ್ಟ ವಾಸನೆಯೇ. ಒಳ್ಳೆಯದಕ್ಕೆ ಅವರು ಸುಗಂಧ್ ಅಂತಾರೆ, ಇಲ್ಲಾ ಖುಷ್‌ಬೂ ಅಂತಾರೆ. ಶಬ್ದ ಒಂದೇ, ಊರು ಬದಲಾದಾಗ ಅದರ ಮರ್ಯಾದೆ ಬದಲಾಗುತ್ತೆ.

ಇಂಥದ್ದು ನಮ್ಮ ಅಡುಗೆಮನೆಯಲ್ಲೇ ಎಷ್ಟಿವೆ ನೋಡಿ. ಮನೆಯಲ್ಲಿ ಬೆಣ್ಣೆ ಕಾಸಿ ತುಪ್ಪ ಮಾರುವವರು ಈಗ ಬಹಳ ಜನ. 'ತುಪ್ಪ' ಅಂತಲೇ ಹೆಸರಿಟ್ಟು ಹೊಸೂರು ದಾಟಿದಿರೋ, ತಮಿಳರಿಗೆ 'ತುಪ್ಪು' ಅಂದರೆ ಉಗುಳು! ಮಲಯಾಳಿಗಳಿಗೂ ಹೆಚ್ಚುಕಮ್ಮಿ ಹಾಗೇ. ಮಂಗಳೂರಿನ ಪುಂಡಿ, ಬಯಲುಸೀಮೆಯ ಪುಂಡಿಪಲ್ಯ ಎರಡೂ ನಮಗೆ ಬಾಯಲ್ಲಿ ನೀರೂರಿಸುವ ಶಬ್ದಗಳು. ತಮಿಳಿನಲ್ಲಿ ಅದಕ್ಕೆ ತೀರಾ ಹತ್ತಿರದ ಒಂದು ಶಬ್ದವಿದೆ, ಹೆಂಗಸರ ಮುಂದೆ ಯಾರೂ ಆಡಬಾರದಂಥದ್ದು. ಹೊಲಿಗೆ ಘಟಕಕ್ಕೆ ಮುದ್ದಾಗಿ 'ಗುಂಡಿ' ಅಂತ ಹೆಸರಿಡಲು ಹೊರಟರೆ, ಬೆಂಗಳೂರಿನವರಿಗೆ ಮೊದಲು ನೆನಪಾಗೋದು ರಸ್ತೆಗುಂಡಿ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅಲ್ಲಿ ಗುಂಡಿ ಬರೆದರೆ ಏನಾಗುತ್ತೆ ಅಂತ ನೀವೇ ಓದಿಕೊಳ್ಳಿ, ಕನ್ನಡದಲ್ಲೂ ಅದೇ ಅರ್ಥ. ಮಕ್ಕಳ ಬಟ್ಟೆಗೆ 'ಪುಟ್ಟ' ಎಷ್ಟು ಚೆಂದದ ಹೆಸರು ಅಲ್ವಾ? ವಿದೇಶಕ್ಕೆ ಕಳಿಸುವ ಆಸೆ ಇದ್ದರೆ ಮಾತ್ರ ಎರಡು ಸಲ ಯೋಚಿಸಿ. ಸ್ಪ್ಯಾನಿಷಿನ 'ಪುತಾ' ವೇಶ್ಯೆಯನ್ನು ಹೀಯಾಳಿಸುವ ಮಾತು.

ಹಾಗಂತ ಎಲ್ಲವೂ ಕೆಟ್ಟದ್ದೇ ಆಗಬೇಕಿಲ್ಲ. ನಮ್ಮ ಬೆಲ್ಲ ಇಟಲಿಗೆ ಹೋದರೆ ಸುಂದರಿ ಆಗುತ್ತಾಳೆ! ಮಲೇಷ್ಯಾದ ಅಂಗಡಿಗಳಲ್ಲಿ ಹಾಲಿನ ಪೊಟ್ಟಣದ ಮೇಲೆ ದೊಡ್ಡದಾಗಿ 'ಸುಸು' ಅಂತ ಇರುತ್ತೆ. ಅವರ ಭಾಷೆಯಲ್ಲಿ ಹಾಲಿಗೆ ಹಾಗೇ ಅನ್ನೋದು. ಪ್ರವಾಸ ಹೋದ ನಮ್ಮ ಮಕ್ಕಳು ಬಿದ್ದುಬಿದ್ದು ನಗುತ್ತವೆ, ಅಲ್ಲಿಯವರು ಅದನ್ನೇ ಆರಾಮಾಗಿ ಕಾಫಿಗೆ ಸುರಿದುಕೊಳ್ಳುತ್ತಾರೆ.

ಬೇರೆ ರಾಜ್ಯದ ಗೊಡವೆ ನಮಗ್ಯಾಕೆ, ನಾವು ಮಾರೋದು ಕರ್ನಾಟಕದಲ್ಲೇ ಅನ್ನುತ್ತೀರಾ? ಮೈಸೂರಿನ 'ತಿಂಡಿ'ಯನ್ನು ಹುಬ್ಬಳ್ಳಿಗೆ ಒಯ್ದು ನೋಡಿ. ಅಲ್ಲಿ ತಿನ್ನೋದು ನಾಷ್ಟಾ, ತಿಂಡಿ ಅಂದರೆ ತುರಿಕೆ! ಕನ್ನಡದ ಶಬ್ದವನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗಂತೂ ಹಾಲು ಯಾವುದು, ಹಾಳು ಯಾವುದು ಗೊತ್ತಾಗಲ್ಲ. ಬಳೆ ಅಂಗಡಿ ಬಲೆ ಆಗುತ್ತೆ, ಬಾಳೆಯೂ ಆಗುತ್ತೆ. ಮೆಹೆಂದಿ ಹಾಕುವವರು 'ಹೆನ್ನಾ' ಅನ್ನೋದರಲ್ಲಿ ಒಂದು ಎನ್ ಉಳಿಸಿದರೆ ನಮ್ಮವರು ಓದೋದು 'ಹೆಣ' ಅಂತಲೇ. ಮದುವೆ ಮನೆಗೆ ಯಾರು ಕರೀತಾರೆ ಹೇಳಿ! ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನೋದು 2024ರಿಂದ ನಮ್ಮಲ್ಲಿ ಕಾನೂನೇ ಆಗಿದೆ. ಇಂಗ್ಲಿಷಿನಲ್ಲಿ ಸ್ಟೈಲಾಗಿ ಕಂಡ ಹೆಸರು ಕನ್ನಡ ಲಿಪಿಯಲ್ಲಿ ಹೇಗೆ ಕಾಣುತ್ತೆ ಅಂತ ಪೇಂಟರ್ ಬರುವ ಮುಂಚೆಯೇ ಕಾಗದದ ಮೇಲೆ ಬರೆದು ನೋಡೋದು ಒಳ್ಳೇದು.

ಇನ್ನೊಂದು ಚಾಳಿ ನಮ್ಮಲ್ಲಿ ಬಹಳ. ಗಂಡ ಹೆಂಡತಿ ಹೆಸರಿನ, ಇಲ್ಲವೇ ಇಬ್ಬರು ಮಕ್ಕಳ ಹೆಸರಿನ ಮೊದಲಕ್ಷರ ಜೋಡಿಸಿ ಅಂಗಡಿಗೆ ಇಡೋದು. ಪ್ರೀತಿಯ ವಿಷಯ, ಬೇಡ ಅನ್ನಲ್ಲ. ಹೇಮಾ, ನೂತನಾ ಅನ್ನುವ ಗೆಳತಿಯರಿಬ್ಬರು ಬ್ಯೂಟಿ ಪಾರ್ಲರ್ ತೆಗೆದು ಹೀಗೆ ಅಕ್ಷರ ಜೋಡಿಸಿದರು ಅಂತಿಟ್ಟುಕೊಳ್ಳಿ. ಏನಾಯ್ತು? 'ಹೇನು ಬ್ಯೂಟಿ ಪಾರ್ಲರ್!' ವೆಬ್ ವಿಳಾಸದಲ್ಲಿ ಎರಡು ಪದಗಳ ನಡುವೆ ಜಾಗ ಬಿಡೋಕಾಗಲ್ಲ, ಅಲ್ಲೂ ಇದೇ ಪಾಡು. ಅಮೆರಿಕದ 'ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್' ಅನ್ನುವ ಕಂಪ್ಯೂಟರ್ ತಂತ್ರಜ್ಞರ ತಾಣ ಎರಡೂ ಪದ ಅಂಟಿಸಿ ವಿಳಾಸ ಮಾಡಿಕೊಂಡಿತ್ತು. ಓದುವವರು ನಡುವೆ ಬೇರೆ ಕಡೆ ಉಸಿರು ತೆಗೆದುಕೊಂಡರೆ ಅದು ಲಿಂಗ ಬದಲಾವಣೆಯ ತಜ್ಞರ ತಾಣ ಆಗಿಬಿಡುತ್ತಿತ್ತು. ಆಮೇಲೆ ನಡುವೆ ಒಂದು ಅಡ್ಡಗೆರೆ ಹಾಕಿಕೊಂಡರು.

ಇಷ್ಟು ಹೊತ್ತು ನಗುವ ವಿಷಯ ಹೇಳಿದೆವು. ನಗೋಕಾಗದ ಹೆಸರುಗಳೂ ಇವೆ. 2006ರಲ್ಲಿ ನವಿ ಮುಂಬೈಯಲ್ಲಿ ಒಬ್ಬರು 'ಹಿಟ್ಲರ್ಸ್ ಕ್ರಾಸ್' ಅಂತ ಹೋಟೆಲ್ ತೆಗೆದರು. ಯಹೂದಿ ಸಮುದಾಯದವರು ನೊಂದು ಪ್ರತಿಭಟಿಸಿದ ಮೇಲೆ ಹೆಸರು ತೆಗೆದರು. 2012ರಲ್ಲಿ ಅಹಮದಾಬಾದಿನ ಬಟ್ಟೆ ಅಂಗಡಿಯೊಂದರಲ್ಲೂ ಅದೇ ಹೆಸರು, ಅದೇ ಕಥೆ. ಪಾಲುದಾರರ ಅಜ್ಜ ತುಂಬಾ ಶಿಸ್ತಿನವರು, ಅವರಿಗೆ ಆ ಅಡ್ಡಹೆಸರಿತ್ತು, ಅದಕ್ಕೇ ಇಟ್ಟೆವು ಅಂದರಂತೆ ಮಾಲೀಕರು. ಇರಬಹುದು. ಆದರೆ ಗ್ಯಾಸ್ ಕೋಣೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡವರಿಗೆ ನಿಮ್ಮ ಅಜ್ಜನ ಕಥೆ ಬೋರ್ಡಿನಲ್ಲಿ ಕಾಣೋದಿಲ್ಲವಲ್ಲ.

ನಮ್ಮ ಸುತ್ತಲೂ ನೋಡಿ. ಒಂದು ಜಾತಿಯನ್ನು ಹೀನಾಯವಾಗಿ ಕರೆಯುವ ಶಬ್ದ, ಅಂಗವಿಕಲರನ್ನು ಅಣಕಿಸುವ ಶಬ್ದ 'ತಮಾಷೆಗೆ' ಅಂತ ಬೋರ್ಡು ಹತ್ತಿಬಿಡುತ್ತವೆ. ಪಾರ್ಲರಿಗೆ ಬಿಳಿ ಬಣ್ಣವನ್ನೇ ಹೆಸರಾಗಿ ಇಡುವವರು ಕಪ್ಪಗಿರುವ ಹುಡುಗಿ ಆ ಬಾಗಿಲು ದಾಟುವಾಗ ಏನಂದುಕೊಳ್ಳುತ್ತಾಳೆ ಅಂತ ಯೋಚಿಸುವುದಿಲ್ಲ. ದಶಕಗಳ ಕಾಲ ಮನೆಮನೆಯಲ್ಲಿದ್ದ 'ಫೇರ್ ಅಂಡ್ ಲವ್ಲಿ' ಕೂಡ 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ನಮ್ಮ ಮಟ್ಟಿಗೆ ಹೇಳೋದಾದರೆ, ನಗು ಬಂದರೆ ನಿಮಗೆ ಮಾತ್ರ ನಷ್ಟವಾಗುವ ಹೆಸರನ್ನು ಬೇಕಿದ್ದರೆ ಧೈರ್ಯವಾಗಿ ಇಟ್ಟುಕೊಳ್ಳಿ. ಇನ್ನೊಬ್ಬರಿಗೆ ನೋವಾಗುವ ಹೆಸರಿಗೆ ಸಮಜಾಯಿಷಿಯೇ ಇಲ್ಲ.

ದೇವರ ಹೆಸರಿಟ್ಟರೆ ಯಾವ ತಕರಾರೂ ಇಲ್ಲ ಅನ್ನುವವರು ಬಹಳ. ಊದುಬತ್ತಿಯವರಂತೂ ಮೊದಲು ಅತ್ತಲೇ ಹೊರಳುತ್ತಾರೆ. ಖಾಲಿ ಡಬ್ಬಿ ಕೊನೆಗೆ ಎಲ್ಲಿ ಬೀಳುತ್ತೆ? ಕಸದ ತೊಟ್ಟಿಯಲ್ಲಿ, ಚರಂಡಿಯಲ್ಲಿ. ಲಕ್ಷ್ಮಿಯ ಚಿತ್ರ ಕಾಲಡಿ ಬಿದ್ದಿದ್ದನ್ನು ನೋಡಿ ಎಷ್ಟೋ ಗೃಹಿಣಿಯರು ಸಂಕಟಪಟ್ಟುಕೊಳ್ಳುತ್ತಾರೆ. ಕಾನೂನೂ ಅಷ್ಟು ಸಲೀಸಿಲ್ಲ. 'ರಾಮಾಯಣ' ಅನ್ನುವ ಪವಿತ್ರ ಗ್ರಂಥದ ಹೆಸರನ್ನು ಅಗರಬತ್ತಿಗೆ ಒಬ್ಬರೇ ಟ್ರೇಡ್‌ಮಾರ್ಕ್ ಆಗಿ ಕಟ್ಟಿಕೊಳ್ಳುವಂತಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಒಂಬತ್ತನೇ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಶ್ಲೀಲವಾದದ್ದು, ಯಾರದ್ದಾದರೂ ಧಾರ್ಮಿಕ ಭಾವನೆಗೆ ಪೆಟ್ಟು ಕೊಡುವಂಥದ್ದು, ಗ್ರಾಹಕರನ್ನು ದಾರಿತಪ್ಪಿಸುವಂಥದ್ದು ನೋಂದಣಿ ಆಗುವುದಿಲ್ಲ. ಸಾಮಾನಿನ ಗುಣವನ್ನೇ ಹೇಳುವ ಹೆಸರಿಗೂ ಕಷ್ಟ. ಆದ್ದರಿಂದ ಗಂಧ ಬಿಟ್ಟು 'ಸುಗಂಧ' ಅಂತ ಇಡೋಣ ಅಂದರೆ, ಅದು ಎಲ್ಲ ಊದುಬತ್ತಿಗೂ ಹೊಂದುವ ಮಾತು, ನಿಮ್ಮೊಬ್ಬರ ಸ್ವತ್ತಾಗೋದು ಕಷ್ಟ. 'ಶ್ರೀಗಂಧ' ಅಂತ ಇಟ್ಟು ಒಳಗೆ ಶ್ರೀಗಂಧದ ಸೋಂಕೂ ಇಲ್ಲದಿದ್ದರೆ ಅದು ದಾರಿತಪ್ಪಿಸುವ ಲೆಕ್ಕಕ್ಕೆ ಬರುತ್ತೆ. ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ನೋಡಲು ದುಡ್ಡು ಕೊಡಬೇಕಿಲ್ಲ. ಊದುಬತ್ತಿ ಮೂರನೇ ವರ್ಗದಲ್ಲಿದೆ, ಉಪ್ಪಿನಕಾಯಿ 29, ಮಸಾಲೆ ಪುಡಿ 30. ಉದ್ಯಮ್ ನೋಂದಣಿ ಪುಕ್ಕಟೆ. ಆ ಪ್ರಮಾಣಪತ್ರ ಇರುವ ಸಣ್ಣ ಉದ್ದಿಮೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪನಿಗಳಿಗೆ 9,000. ಅರ್ಜಿ ಹಾಕಿದ ಮೇಲೆ ಹೆಸರನ್ನೇ ಬದಲಿಸ್ತೀವಿ ಅಂದರೆ ಮತ್ತೆ ಹೊಸ ಅರ್ಜಿ, ಹೊಸ ಶುಲ್ಕ.

ತೀರಾ ಹೆದರಿಕೊಳ್ಳುವುದೂ ಬೇಡ. ಅಮೆರಿಕದ ಷೆವರ್ಲೆ 'ನೋವಾ' ಕಾರಿನ ಕಥೆ ನೀವು ಕೇಳಿರಬಹುದು. ಸ್ಪ್ಯಾನಿಷಿನಲ್ಲಿ 'ನೋ ವಾ' ಅಂದರೆ 'ಓಡಲ್ಲ' ಅಂತ, ಅದಕ್ಕೇ ಮೆಕ್ಸಿಕೋದಲ್ಲಿ ಕಾರು ಮಾರಾಟವೇ ಆಗಲಿಲ್ಲ ಅಂತ. ಅದು ಬರೀ ಕಟ್ಟುಕಥೆ. ಕಾರು ಅಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಜನ ಅಷ್ಟು ದಡ್ಡರಲ್ಲ. ಜಗತ್ತಿನ ಆರೇಳು ಸಾವಿರ ಭಾಷೆಗಳಲ್ಲಿ ಎಲ್ಲೂ ತಪ್ಪಿಲ್ಲದ ಹೆಸರು ಸಿಗೋದಿಲ್ಲ, ಹುಡುಕುತ್ತಾ ಕೂತರೆ ಅಂಗಡಿ ತೆಗೆಯೋದೂ ಇಲ್ಲ. ನಿಮ್ಮ ಸಾಮಾನು ಎಲ್ಲಿ ಮಾರಾಟವಾಗುತ್ತೋ ಅಲ್ಲಿಯ ನಾಲ್ಕೈದು ಭಾಷೆ ನೋಡಿಕೊಂಡರೆ ಸಾಕು.

ನೋಡೋದು ಹೇಗೆ? ಇಂಟರ್‌ನೆಟ್ಟಿನ ಅನುವಾದವನ್ನೇ ನಂಬಬೇಡಿ, ಅದಕ್ಕೆ ಬೀದಿಯ ಬೈಗುಳ ಎಲ್ಲವೂ ಗೊತ್ತಿರಲ್ಲ. ಒಂದು ಚೀಟಿಯಲ್ಲಿ ಹೆಸರು ಬರೆದು, ನೀವು ಬಾಯಿಬಿಡದೆ, ಎದುರಿನವರ ಕೈಗೆ ಕೊಟ್ಟು ಓದಿಸಿ. ನೀವೇ ಮೊದಲು ಹೇಳಿಬಿಟ್ಟರೆ ಪರೀಕ್ಷೆ ಕೆಟ್ಟಿತು. ನಿಮ್ಮೂರಿನ ಬೇಕರಿಯ ಮಲಯಾಳಿ, ಮಾರ್ವಾಡಿ ಅಂಗಡಿಯ ಸೇಠ್, ಕಟ್ಟಡ ಕೆಲಸಕ್ಕೆ ಬಂದ ಬಿಹಾರಿ ಹುಡುಗರು, ಆಂಧ್ರದಿಂದ ಬಂದ ಸೊಸೆಯಂದಿರು, ಎಲ್ಲರೂ ಇದ್ದಾರಲ್ಲ! ಹೈಸ್ಕೂಲು ಹುಡುಗರಿಗೂ ಒಮ್ಮೆ ತೋರಿಸಿ. ದೊಡ್ಡವರು ಸಂಕೋಚಕ್ಕೆ ಸುಮ್ಮನಿರುತ್ತಾರೆ, ಹುಡುಗರು ಕಿಸಕ್ಕೆಂದರೆ ಅಲ್ಲೇ ಏನೋ ಇದೆ ಅಂತ ಅರ್ಥ. ಆಮೇಲೆ ಫೋನಿನಲ್ಲಿ ದೂರದ ನೆಂಟರಿಗೆ ಹೇಳಿ, ಅವರಿಗೆ ಕೇಳಿಸಿದ್ದನ್ನು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸೋಕೆ ಹೇಳಿ.

ಪತ್ರ ಬರೆದ ಗೆಳತಿಗೆ ನಮ್ಮ ಉತ್ತರ ಇದು. ಡಬ್ಬಿ ಸುಡಬೇಡಿ, ಅದು ಸಂಘದ ಸಾಲದ ದುಡ್ಡು. ಕನ್ನಡದ ಮುಖದಲ್ಲಿ ಯಾವ ತಪ್ಪೂ ಇಲ್ಲ. ಇಂಗ್ಲಿಷ್ ಮುಖಕ್ಕೆ ಬೆಲೆ, ತೂಕ, ಸಂಘದ ವಿಳಾಸ ಬರೆದ ಅಗಲವಾದ ಸ್ಟಿಕ್ಕರ್ ಅಂಟಿಸಿ, ಸುತ್ತಮುತ್ತಲ ಸಂತೆ, ಜಾತ್ರೆಗಳಲ್ಲಿ ಮಾರಿ ಮುಗಿಸಿ. ಆದರೆ ಹೆಸರನ್ನು ಈಗಲೇ ಬದಲಿಸಿಬಿಡಿ. ಎರಡು ಸಾವಿರ ಡಬ್ಬಿಯ ನಷ್ಟ ತಡೆದುಕೊಳ್ಳಬಹುದು, ಇಪ್ಪತ್ತು ಸಾವಿರವಾದರೆ ಆಗಲ್ಲ. ಊರ ಪಕ್ಕದ ಗುಡ್ಡದ್ದೋ ಹೊಳೆಯದ್ದೋ ಹೆಸರು ನೋಡಿ, ಸಂಘ ಶುರುವಾದ ಜಗುಲಿಯಾದರೂ ಸರಿ. ಒಂಬತ್ತು ಜನವೂ ಒಪ್ಪಬೇಕು, ಮನೆಯವರು ಆಮೇಲೆ. ಮುದ್ರಣಕ್ಕೆ ಕೊಡುವಾಗ ಕೊನೆಯ ಪ್ರೂಫನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ, ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ನಾಳೆ ತಪ್ಪಾದರೆ ಯಾರ ಖರ್ಚಿನಲ್ಲಿ ಮರುಮುದ್ರಣ ಅನ್ನೋದಕ್ಕೆ ಅದೇ ಸಾಕ್ಷಿ.

ಹೆಸರು ಗಟ್ಟಿಯಾಗುವ ಮುಂಚೆ ನಮಗೂ ಒಂದು ಸಾಲು ಬರೆದು ಹಾಕಿ. ನಮ್ಮ ಕಚೇರಿಯಲ್ಲಿ ಹಿಂದಿಯವರು ಇಬ್ಬರಿದ್ದಾರೆ, ತೆಲುಗು, ತಮಿಳು, ಕೊಂಕಣಿ, ತುಳು ಮನೆಮಾತಿನವರೂ ಇದ್ದಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರ ಕೈಲೂ ಓದಿಸಿ ನೋಡ್ತೀವಿ.