ಹರಿದ ಚೀಲಕ್ಕೆ ಕಾಲಂ ಐತೆ, ಹೊತ್ತವನಿಗೆ ಇಲ್ಲ

ಪೋಸ್ಟ್ ಉದ್ದ ಐತೆ. ಪೂರ್ತಿ ಓದಿ, ಆಮೇಲೆ ಬೈಯ್ಯೋದಿದ್ರೆ ಬೈಯಿರಿ.

ನಾನು ಗುಮಾಸ್ತ. ರಿಜಿಸ್ಟರ್ ಬರೆಯೋದೇ ನನ್ನ ಹೊಟ್ಟೆಪಾಡು. ಕೆಲವು ವರ್ಷದ ಹಿಂದೆ ಒಂದು ಗೋದಾಮಿನಲ್ಲಿ ಕೂತು ಬಂದ ಮಾಲು ಹೋದ ಮಾಲು ಲೆಕ್ಕ ಬರೀತಿದ್ದೆ. ಲಾರಿ ನಂಬರಿಗೆ ಒಂದು ಕಾಲಂ, ಡ್ರೈವರ್ ಹೆಸರಿಗೆ ಒಂದು, ಚೀಲಕ್ಕೆ ಒಂದು, ತೂಕಕ್ಕೆ ಒಂದು. ಹರಿದ ಚೀಲಕ್ಕೂ ಒಂದು ಕಾಲಂ ಇತ್ತು. ಇಳಿಸಿದವನ ಹೆಸರಿಗೆ ಮಾತ್ರ ಕಾಲಂ ಇರಲಿಲ್ಲ. ‘ಹಮಾಲಿ ಖರ್ಚು’ ಅಂತ ಒಂದು ಸಾಲು, ಅದರ ಮುಂದೆ ಒಂದು ಮೊತ್ತ, ಅಷ್ಟೇ. ಅದನ್ನ ಬರೆದ ಕೈ ನಂದೇ. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಹಮಾಲಿ ಮಾಡಿ ಸೊಂಟ ಬಿದ್ದು ಮೂಲೆ ಹಿಡಿದವರು. ಅವರು ಹೊತ್ತ ಒಂದು ಚೀಲಕ್ಕೂ ಅವರ ಹೆಸರಲ್ಲಿ ದಾಖಲೆ ಇಲ್ಲ. ಹಂಗಾಗಿ ಈ ಪೋಸ್ಟ್ ಮೊದಲು ನನಗೇ ನಾನು ಬರೆದುಕೊಂಡಿದ್ದು.

ಲೆಕ್ಕ ಬರೆಯೋನು ಆದ್ದರಿಂದ ಲೆಕ್ಕದಿಂದಲೇ ಶುರು ಮಾಡ್ತೀನಿ. ಹತ್ತು ಟನ್ ಅಕ್ಕಿ ಲೋಡ್ ಅಂದ್ರೆ 50 ಕೆಜಿಯ 200 ಚೀಲ. ನಾಲ್ಕು ಜನ ಇಳಿಸಿದ್ರೆ ತಲಾ 50 ಚೀಲ. ಅಂದ್ರೆ ಒಂದು ಲಾರಿಗೆ ಒಬ್ಬನ ಬೆನ್ನ ಮೇಲೆ ಎರಡೂವರೆ ಟನ್. ಅದೇ ಅಕ್ಕಿನ ಗೋದಾಮಿಗೆ ಇಳಿಸಬೇಕು, ಮತ್ತೆ ಲಾರಿಗೆ ತುಂಬಬೇಕು, ಮತ್ತೆ ನ್ಯಾಯಬೆಲೆ ಅಂಗಡಿಗೆ ಇಳಿಸಬೇಕು. ಒಂದೇ ಚೀಲ ಮೂರು ಸಲ ಮನುಷ್ಯನ ಮೈಮೇಲೆ ಹತ್ತಿ ಇಳಿಯುತ್ತೆ. 2013ರಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ ಅಕ್ಕಿ ಯಾರು ಕೊಟ್ಟರು ಅಂತ ಎರಡು ಸರ್ಕಾರ, ಮೂರು ಪಕ್ಷ ಜಗಳ ಆಡ್ತಾನೇ ಇವೆ. ಹೊತ್ತವರು ಯಾರು ಅಂತ ಒಬ್ಬನೂ ಕೇಳಲಿಲ್ಲ.

ನಮ್ಮ ನಾಲ್ಕು ತಾಲ್ಲೂಕು ನೋಡ್ರಿ. ಜಗಳೂರಲ್ಲಿ ಬರ. 57 ಕೆರೆ ತುಂಬಿಸೋ ಯೋಜನೆಗೆ ಅಲ್ಲಿನ ಜನ ಎಷ್ಟು ವರ್ಷ ಬಾಯಿ ಬಡ್ಕೊಂಡ್ರು ಅಂತ ನಿಮಗೇ ಗೊತ್ತು. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ಅಂಥ ವರ್ಷ ಟ್ಯಾಂಕರ್ ಓಡಿಸೋರು ಯಾರು? ಮೇವಿನ ಲಾರಿ ಇಳಿಸೋರು ಯಾರು? ಹೊನ್ನಾಳಿಗೆ ಬಂದ್ರೆ ಅಲ್ಲಿ ತುಂಗಭದ್ರೆ. ನದಿ ಏರಿದಾಗ ತಗ್ಗಿನ ಮನೆ ಖಾಲಿ ಮಾಡಿಸಬೇಕು, ಕಾಳಜಿ ಕೇಂದ್ರಕ್ಕೆ ಅಕ್ಕಿ, ಬೇಳೆ, ಚಾಪೆ, ಹೊದಿಕೆ ಮುಟ್ಟಿಸಬೇಕು. ನ್ಯಾಮತಿಯ ತಾಂಡಾಗಳಿಗೆ, ಚನ್ನಗಿರಿಯ ಕ್ಯಾಂಪುಗಳಿಗೆ ರೇಷನ್ ಹೋಗಬೇಕು. ಇದನ್ನೆಲ್ಲ ಮಾಡೋರು ಒಂದೇ ಜನ. ಕೆಲಸ ಬಂದಾಗ ಕರೀತಾರೆ, ಮುಗಿದ ಮೇಲೆ ಮರೀತಾರೆ.

2019ರ ಆಗಸ್ಟ್ ನೆನಪಿದೆಯಾ? ಹೊಳೆ ತುಂಬಿ ಹರಿದಾಗ ರಾತ್ರಿ ಹನ್ನೊಂದರ ಮೇಲೆ ಆಹಾರ ಕಿಟ್ಟಿನ ಲಾರಿ ಬಂತು. ನಮ್ಮ ಕೇರಿಯ ಹುಡುಗರು ಟವಲ್ ಸಿಂಬೆ ಸುತ್ತಿಕೊಂಡು ಮಳೆಯಲ್ಲೇ ಇಳಿಸಿದರು. ಬೆಳಿಗ್ಗೆ ಬ್ಯಾನರ್ ಕಟ್ಟಿದರು, ಫೋಟೋ ತೆಗೆದರು. ಆ ಫೋಟೋದಲ್ಲಿ ಇವರಿಲ್ಲ. ಕೂಲಿ ಕೇಳಿದ್ದಕ್ಕೆ ಒಬ್ಬ ದೊಡ್ಡ ಮನುಷ್ಯ ಏನಂದ ಗೊತ್ತಾ? "ಇಂಥ ಹೊತ್ತಲ್ಲೂ ದುಡ್ಡು ಕೇಳ್ತೀರೇನ್ರೋ, ಇದು ಸೇವೆ ಕಣ್ರೋ."

ಸೇವೆ! ಲಾರಿಗೆ ಡೀಸೆಲ್ ಹಾಕಿದವನು ದುಡ್ಡು ಇಸ್ಕೊಂಡ. ಬ್ಯಾನರ್ ಪ್ರಿಂಟ್ ಹಾಕಿದವನೂ ಇಸ್ಕೊಂಡ. ಡ್ಯೂಟಿ ಮೇಲೆ ಬಂದ ಸಾಹೇಬರಿಗೆ ಸಂಬಳ, ಭತ್ಯೆ ಎರಡೂ ಐತೆ. ಸೇವೆ ಮಾಡೋ ಪುಣ್ಯ ಮಾತ್ರ ನಮ್ಮ ಹುಡುಗರ ಪಾಲಿಗೆ. ಸಾವಿರಾರು ವರ್ಷ ಬಿಟ್ಟಿ ಚಾಕರಿ ಮಾಡಿಸಿಕೊಂಡದ್ದು ಇದೇ ಮಾತು ಹೇಳಿ ಅಲ್ವಾ? ಬಿಟ್ಟಿ ಚಾಕರಿ ಅನ್ನೋ ಹೆಸರು ಹೋಯ್ತು, ಪದ್ಧತಿ ಹೋಗಿಲ್ಲ. ಇನ್ನೊಂದು ಮಾತು. ಅಕ್ಕಿ ಮೂಟೆ ಹೊರೋಕೆ ನಮ್ಮ ಹೆಗಲು ಬೇಕು. ಅದೇ ಅಕ್ಕಿ ಬೇಯೋ ಒಲೆ ಹತ್ರ ನಮ್ಮ ಅಕ್ಕ ತಂಗಿಯರು ನಿಂತ್ರೆ ಕೆಲವರಿಗೆ ಊಟ ಸೇರಲ್ಲ. ನೆರೆ ಬಂದಾಗ ಮನೆ ಗೋಡೆ ಬೀಳುತ್ತೆ, ಜಾತಿ ಗೋಡೆ ಬೀಳಲ್ಲ. 2004ರಲ್ಲಿ ಸುನಾಮಿ ಬಂದಾಗ ನಾಗಪಟ್ಟಣದಲ್ಲಿ ಹೆಣ ಎತ್ತೋಕೆ ಬೇರೆ ಬೇರೆ ಊರಿಂದ ಪೌರಕಾರ್ಮಿಕರನ್ನ ಕರೆತಂದರು. ಅವರಲ್ಲಿ ಹೆಚ್ಚಿನವರು ಯಾವ ಜಾತಿಯವರು ಅಂತ ನಾನು ಹೇಳಬೇಕಾ?

ಹೊರದೇಶದಲ್ಲಿ ಈ ಕೆಲಸಕ್ಕೆ ಹ್ಯೂಮಾನಿಟೇರಿಯನ್ ಲಾಜಿಸ್ಟಿಕ್ಸ್ ಅಂತ ಹೆಸರು. ಕೋರ್ಸು ಐತೆ, ಸರ್ಟಿಫಿಕೇಟ್ ಐತೆ, ಅವರದೇ ವೃತ್ತಿ ಸಂಘ ಐತೆ. 2020ರಲ್ಲಿ ಹಸಿದವರಿಗೆ ಅನ್ನ ಮುಟ್ಟಿಸಿದ್ದಕ್ಕೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ನೊಬೆಲ್ ಶಾಂತಿ ಪ್ರಶಸ್ತಿನೇ ಬಂತು. ಒಳ್ಳೇದೇ ಆಯ್ತು. ಅದೇ 2020ರ ಲಾಕ್‌ಡೌನಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ನಮ್ಮ ಹಮಾಲರು ಮಾಸ್ಕಿಲ್ಲದೆ ರೇಷನ್ ಮೂಟೆ ಇಳಿಸ್ತಿದ್ದರು. ಪ್ರಶಸ್ತಿ ಬೇಡ, ಒಂದು ಗುರುತಿನ ಚೀಟಿನಾದ್ರೂ ಕೊಟ್ರಾ? 2021ರಲ್ಲಿ ಹಮಾಲರನ್ನೂ ಸೇರಿಸಿ ಅಸಂಘಟಿತರಿಗೆ 2,000 ರೂಪಾಯಿ ಪರಿಹಾರ ಘೋಷಿಸಿದರು. ನಮ್ಮ ಕೇರಿಯ ಅರ್ಜಿಗಳನ್ನ ನಾನೇ ತುಂಬಿಸಿದ್ದೆ. ಎಷ್ಟೋ ಜನ ಒಂದೇ ಕಡೆ ಸಿಕ್ಕಿಹಾಕಿಕೊಂಡರು: ನೀನು ಹಮಾಲ ಅನ್ನೋದಕ್ಕೆ ದಾಖಲೆ ಏನು? ಮೇಸ್ತ್ರಿ ಸಹಿ ಹಾಕಲ್ಲ, ಗುತ್ತಿಗೆದಾರ ಫೋನ್ ಎತ್ತಲ್ಲ. ಬೆನ್ನ ಮೇಲಿನ ಗಾಯನ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡೋಕೆ ಆಗುತ್ತಾ?

ಕಾನೂನೇ ಇಲ್ಲ, ಏನು ಮಾಡೋದು ಅನ್ನೋರು ಪಕ್ಕದ ರಾಜ್ಯ ನೋಡ್ಲಿ. ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ ಕಾಯ್ದೆ ಬಂತು. ಅಲ್ಲಿ ಮಾಲೀಕನೂ ಮಂಡಳಿಯಲ್ಲಿ ನೋಂದಣಿ ಆಗಬೇಕು, ಹಮಾಲನೂ ಆಗಬೇಕು. ಮಾಲೀಕ ಕೂಲಿ ಜೊತೆಗೆ ಲೆವಿ ಸೇರಿಸಿ ಮಂಡಳಿಗೆ ಕಟ್ಟಬೇಕು. ಕೂಲಿ, ಪಿಎಫ್, ಗ್ರಾಚ್ಯುಟಿ ಮಂಡಳಿಯಿಂದ ಬರುತ್ತೆ. ಕೇರಳದಲ್ಲಿ 1978ರಲ್ಲಿ ತಲೆಹೊರೆ ಕಾರ್ಮಿಕರ ಕಾಯ್ದೆ ಬಂತು. ಇವು ಯಾರೋ ಕರುಣೆ ತೋರಿ ಕೊಟ್ಟದ್ದಲ್ಲ. ಪುಣೆಯಲ್ಲಿ ಬಾಬಾ ಆಢಾವ್ 1950ರ ದಶಕದಲ್ಲೇ ಹಮಾಲ್ ಪಂಚಾಯತ್ ಕಟ್ಟಿದ್ದರು. ಅದೇ ಆಢಾವ್ ‘ಒಂದು ಊರು, ಒಂದು ನೀರಿನ ತಾಣ’ ಅಂತ ಅಸ್ಪೃಶ್ಯತೆ ವಿರುದ್ಧ ಊರೂರು ತಿರುಗಿದವರು. ಕೂಲಿ ಹೋರಾಟ ಬೇರೆ, ಜಾತಿ ಹೋರಾಟ ಬೇರೆ ಅಂತ ಅವರಿಗೆ ಅನಿಸಲಿಲ್ಲ.

ಇಲ್ಲಿ ಏನೈತೆ? ಎಪಿಎಂಸಿ ಲೈಸೆನ್ಸ್ ಇದ್ದ ಹಮಾಲರಿಗೆ ಕಾಯಕನಿಧಿ ಐತೆ. ಅಸಂಘಟಿತ ಕಾರ್ಮಿಕರ ಮಂಡಳಿಯಿಂದ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಅಂತ ಕಾರ್ಡು ಐತೆ. ಬೇಡ ಅಂತಿಲ್ಲ, ಮಾಡಿಸಿಕೊಳ್ಳಿ. ಆದರೆ ಕಾರ್ಡಿನ ಮೇಲೆ ಬಾಬಾಸಾಹೇಬರ ಹೆಸರು ಹಾಕಿದ್ರೆ ಸಾಕಾ? 1942ರಿಂದ 46ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದವರು ಅವರು. 1936ರಲ್ಲಿ ಪಕ್ಷ ಕಟ್ಟಿದಾಗ ಅದಕ್ಕೆ ಸ್ವತಂತ್ರ ಕಾರ್ಮಿಕ ಪಕ್ಷ ಅಂತ ಹೆಸರಿಟ್ಟವರು. 1938ರಲ್ಲಿ ಮನ್ಮಾಡಿನ ರೈಲ್ವೆ ದಲಿತ ಕಾರ್ಮಿಕರ ಮುಂದೆ ನಿಂತು, ಕಾರ್ಮಿಕನಿಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರು ಅಂದವರು. ಇಂಥವರ ಜಯಂತಿಗೆ ಡಿಜೆ ತರಿಸ್ತೀವಿ. ಆ ಡಿಜೆ ಪೆಟ್ಟಿಗೆ ಇಳಿಸಿದ ಹಮಾಲನ ಕೂಲಿ ನಾವೂ ಉದ್ರಿ ಹೇಳಿ ಕಳಿಸ್ತೀವಿ. ಹೌದಾ ಅಲ್ವಾ?

ಈಗ ನಮ್ಮವರ ಆಕ್ಷೇಪಕ್ಕೆ ಬರ್ತೀನಿ.

ಒಬ್ಬ ಅಣ್ಣ ಹೇಳ್ತಾನೆ, ದಲಿತ ಸಂಘಟನೆ ಐತಲ್ಲ, ಇನ್ನೊಂದು ಯಾಕೆ ಅಂತ. ಅಣ್ಣಾ, ದೌರ್ಜನ್ಯ ಆದಾಗ ನಾವು ಠಾಣೆ ಮುಂದೆ ಕೂರ್ತೀವಿ, ಅದು ಬೇಕೇ ಬೇಕು. ಆದರೆ ಚೀಲಕ್ಕೆ ಎಷ್ಟು ಕೂಲಿ ಅಂತ ಯಾವ ಧರಣಿಯಲ್ಲಿ ಕೇಳಿದ್ದೀವಿ? ದಸಂಸ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಹರಿಹರದವರೇ. ಅವರು ಭೂಮಿ ಕೇಳಿದ್ದು ಬದುಕಿನ ಪ್ರಶ್ನೆ ಅಂತಾನೇ. ಕೂಲಿನೂ ಅದೇ ಪ್ರಶ್ನೆ.

ಇನ್ನೊಬ್ಬರು, ಕೆಂಬಾವುಟದ ಯೂನಿಯನ್ ಐತಲ್ಲ ಅಂತಾರೆ. ಐತೆ, ಹಮಾಲರ ಪರ ಅವರು ಹೋರಾಡಿದ್ದನ್ನ ಒಪ್ಪಬೇಕು. ಅವರ ಜೊತೆ ಜಗಳ ಬೇಡ, ಕೈ ಜೋಡಿಸೋಣ. ಆದರೆ ಟ್ಯಾಂಕರ್ ಡ್ರೈವರ್, ಮೇವಿನ ಲಾರಿಯವನು, ಕಾಳಜಿ ಕೇಂದ್ರದಲ್ಲಿ ಅಡುಗೆ ಮಾಡೋ ಅಕ್ಕ, ತೆಪ್ಪ ಹಾಕೋನು, ಇವರನ್ನೆಲ್ಲ ಒಂದೇ ಕಡೆ ಕೂರಿಸೋ ಸಂಘ ನಮ್ಮ ತಾಲ್ಲೂಕುಗಳಲ್ಲಿ ನಾನು ಕಂಡಿಲ್ಲ.

ಮೂರನೆಯದು ಬಾಯಿ ಬಿಟ್ಟು ಯಾರೂ ಹೇಳಲ್ಲ, ಮನಸ್ಸಲ್ಲಿ ಇಟ್ಕೊಂಡವ್ರೆ. 2025ರ ಒಳಮೀಸಲಾತಿ ತೀರ್ಮಾನ ಆದಮೇಲೆ, ಆರು, ಆರು, ಐದು ಅಂತ ಹಂಚಿದ ಮೇಲೆ, ನಮ್ಮ ನಮ್ಮಲ್ಲೇ ಮುಖ ತಿರುಗಿಸಿಕೊಂಡು ಓಡಾಡ್ತಿದ್ದೀವಿ. ಎಡಗೈ, ಬಲಗೈ, ಲಂಬಾಣಿ, ಭೋವಿ ಅಂತ ವಾಟ್ಸಾಪ್ ಗುಂಪು ಬೇರೆ ಬೇರೆ ಆಗಿವೆ. ಪಾಲು ಕೇಳೋದು ತಪ್ಪಲ್ಲ, ನ್ಯಾಯವಾದ ಪಾಲು ಕೇಳಲೇಬೇಕು. ಆದರೆ ಲಾರಿ ಹಿಂದೆ ಹೋಗಿ ನಿಂತು ನೋಡಿ. ಮೇಲಿಂದ ಚೀಲ ಕೊಡೋನು ಮಾದಿಗರ ಹುಡುಗ, ಕೆಳಗೆ ಬೆನ್ನು ಕೊಡೋನು ಲಂಬಾಣಿ ಹುಡುಗ, ಅಟ್ಟಿ ಹಾಕೋನು ಸಾಬರ ಹುಡುಗ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರೋದು ನ್ಯಾಮತಿ ತಾಲ್ಲೂಕಲ್ಲೇ. ಆ ಜನರ ಹಿರಿಯರು ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶಕ್ಕೆಲ್ಲ ಮುಟ್ಟಿಸಿದವರು. ಸಾಗಣೆ ಅನ್ನೋದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಚೀಲದ ಭಾರಕ್ಕೆ ಆರು, ಆರು, ಐದು ಅಂತ ಲೆಕ್ಕ ಇಲ್ಲ, ಎಲ್ಲರಿಗೂ 50 ಕೆಜಿನೇ.

ಹಂಗಾದ್ರೆ ಏನು ಮಾಡೋಣ? 1926ರ ಟ್ರೇಡ್ ಯೂನಿಯನ್ ಕಾಯ್ದೆ ಕಾಲದಿಂದಲೂ ನೋಂದಣಿಗೆ ಅರ್ಜಿ ಹಾಕೋಕೆ ಕನಿಷ್ಠ ಏಳು ಜನ ಬೇಕು. ಜೊತೆಗೆ ಆ ಕೆಲಸದವರಲ್ಲಿ ನೂರಕ್ಕೆ ಹತ್ತು ಜನ, ಇಲ್ಲಾಂದ್ರೆ ನೂರು ಜನ, ಯಾವುದು ಕಮ್ಮಿನೋ ಅಷ್ಟು ಸದಸ್ಯರಿರಬೇಕು. ನಾಲ್ಕು ತಾಲ್ಲೂಕು ಸೇರಿ ನೂರು ಜನ ಸಿಗಲ್ವಾ? ಬೇಡಿಕೆ ಸಣ್ಣವೇ: ರಿಜಿಸ್ಟರಿನಲ್ಲಿ ಹೊತ್ತವನ ಹೆಸರಿಗೆ ಕಾಲಂ. ಕೂಲಿ ದರ ಗೋಡೆ ಮೇಲೆ ಬರೆದಿರಬೇಕು. ನೆರೆ, ಬರದ ಕೆಲಸಕ್ಕೆ ಕರೆದ ದಿನವೇ ಚೀಟಿ, ವಾರದೊಳಗೆ ದುಡ್ಡು. ಬಿದ್ದರೆ ಆಸ್ಪತ್ರೆ ಖರ್ಚು. ಅಡುಗೆ ಅಕ್ಕಂದಿರಿಗೂ ಅದೇ ಚೀಟಿ. ಕೊನೆಗೆ ಮಾಥಾಡಿಯಂಥ ಕಾಯ್ದೆ. ಡೆಲಿವರಿ ಹುಡುಗರಿಗೆ 2025ರಲ್ಲಿ ಈ ರಾಜ್ಯದಲ್ಲೇ ಕಾನೂನು ಬಂತು. ಅವರು ಬೀದಿಗಿಳಿದು ಕೇಳಿದರು, ಬಂತು.

ಸಂಘದ ಅಧ್ಯಕ್ಷ, ಖಜಾಂಚಿ ಹೊರೆ ಹೊರೋರೇ ಆಗಬೇಕು. ನನ್ನಂಥ ಪೆನ್ನು ಹಿಡಿದವರು ಅರ್ಜಿ ಬರೆದು ಕೊಡೋಣ, ಸ್ಟೇಜು ಬಿಟ್ಟು ಕೆಳಗೆ ಕೂರೋಣ.

ಈ ಪೋಸ್ಟ್ ಓದಿ ಜೈ ಭೀಮ್ ಅಂತ ಕಾಮೆಂಟ್ ಹಾಕೋದು ಬೇಡ. ಬರೋ ಭಾನುವಾರ ನಿಮ್ಮ ಕೇರಿಯಲ್ಲಿ, ತಾಂಡಾದಲ್ಲಿ ಈ ಕೆಲಸ ಮಾಡೋರ ಮನೆಗೆ ಹೋಗಿ. ಒಂದು ನೋಟ್‌ಬುಕ್ ತಗೊಂಡು ಹೆಸರು, ವಯಸ್ಸು, ಎಷ್ಟು ವರ್ಷದಿಂದ ಹೊರ್ತಿದ್ದಾರೆ, ಎಲ್ಲಿ ನೋವಾಗಿದೆ, ಬರೆದುಕೊಳ್ಳಿ. ನಾನು ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಹೆಸರು ಚಿಕ್ಕಪ್ಪಂದೇ ಬರೆದಿದ್ದೀನಿ. "ಈಗ್ಯಾಕಪ್ಪಾ ನನ್ನ ಹೆಸರು, ನನ್ನ ಕಾಲ ಮುಗೀತು" ಅಂದರು. ಮುಗಿದಿಲ್ಲ ಚಿಕ್ಕಪ್ಪ, ಕಾಲಂ ಈಗ ಗೀಟು ಹಾಕಿದ್ದೀನಿ.

ಜೈ ಭೀಮ್.