ಗೆದ್ದದ್ದು ಗೂಗಲ್, ಪ್ರೋಗ್ರಾಮರ್ ಅಲ್ಲ

ಒರಾಕಲ್–ಗೂಗಲ್ ವ್ಯಾಜ್ಯದಲ್ಲಿ 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–2ರ ಬಹುಮತದಿಂದ ಗೂಗಲ್ ಪರ ತೀರ್ಪು ಕೊಟ್ಟಾಗ ಸಾಫ್ಟ್‌ವೇರ್ ಲೋಕ ಹಬ್ಬ ಮಾಡಿತು. ಒಂದು ಕಡೆ ಬರೆದ ಪ್ರೋಗ್ರಾಂ ಇನ್ನೊಂದು ಕಡೆಯೂ ಓಡುವ ಸ್ವಾತಂತ್ರ್ಯ ಉಳಿಯಿತು ಎಂಬ ಸಂಭ್ರಮ. ನನಗಂತೂ ಆ ತೀರ್ಪಿನಲ್ಲಿ ಸಂಭ್ರಮಪಡುವಂಥದ್ದು ಹೆಚ್ಚೇನೂ ಕಾಣುವುದಿಲ್ಲ.

ಜಗಳ ಯಾವುದರ ಮೇಲೆ? ಜಾವಾದಲ್ಲಿ ‘ಮ್ಯಾಕ್ಸ್’ ಎಂಬುದೊಂದಿದೆ. ಎರಡು ಸಂಖ್ಯೆ ಕೊಟ್ಟರೆ ದೊಡ್ಡದನ್ನು ಹೇಳುತ್ತದೆ. ಅದರ ಹೆಸರೇನು, ಅದಕ್ಕೆ ಏನು ಕೊಡಬೇಕು, ಏನು ವಾಪಸ್ ಬರುತ್ತದೆ ಎಂದು ಸಾರುವ ಸಾಲು ಬೇರೆ. ಸಂಖ್ಯೆಗಳನ್ನು ಹೋಲಿಸಿ ನೋಡುವ ಕೋಡ್ ಬೇರೆ. ಗೂಗಲ್ ಆಂಡ್ರಾಯ್ಡ್‌ಗಾಗಿ ಎತ್ತಿಕೊಂಡದ್ದು ಮೊದಲ ಬಗೆಯ ಸುಮಾರು 11,500 ಸಾಲುಗಳನ್ನು. ಎತ್ತಿಕೊಳ್ಳದೆ ವಿಧಿಯಿರಲಿಲ್ಲ. ‘ಮ್ಯಾಕ್ಸ್’ ಹೋಗಿ ‘ಬಿಗರ್’ ಆದರೆ ಅದನ್ನು ಕರೆಯುವ ಹಳೆಯ ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ, ಜಾವಾ ಕಲಿತವರು ಮತ್ತೆ ಅಕ್ಷರಾಭ್ಯಾಸಕ್ಕೆ ಕೂರಬೇಕಾಗುತ್ತದೆ. ಜಾವಾ ಹುಟ್ಟಿಸಿದ ಸನ್ ಕಂಪನಿಯನ್ನು 2010ರಲ್ಲಿ ಕೊಂಡ ಒರಾಕಲ್ ಅದೇ ವರ್ಷ ಈ ಸಾಲುಗಳಿಗೂ ಕಾಪಿರೈಟ್ ಇದೆಯೆಂದು ಕೋರ್ಟ್ ಮೆಟ್ಟಿಲೇರಿತು.

ಇಂಥ ಸಾಲಿಗೆ ಕಾಪಿರೈಟ್ ಇದೆಯೋ ಇಲ್ಲವೋ ಎಂಬ ಮೂಲ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಮುಟ್ಟಲೇ ಇಲ್ಲ. ವಾದಕ್ಕೆ ಇದೆ ಎಂದೇ ಇಟ್ಟುಕೊಳ್ಳೋಣ, ಆದರೂ ಗೂಗಲ್‌ನದು ನ್ಯಾಯಯುತ ಬಳಕೆ ಎಂದಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಒರಾಕಲ್ ಕಡೆಗಿದ್ದರು. ಅದು ನನಗೆ ಒಪ್ಪಿಗೆಯಿಲ್ಲ. ಆದರೆ ಬಹುಮತದವರು ಈ ಪ್ರಶ್ನೆಯಿಂದ ನುಣುಚಿಕೊಂಡರೆಂದು ಅವರು ಹಿಡಿದದ್ದು ಸರಿಯೇ. ನ್ಯಾಯಯುತ ಬಳಕೆ ಎಂಬುದು ಕೇಸು ಬಿದ್ದ ಮೇಲೆ, ಆಯಾ ಕೇಸಿಗಷ್ಟೇ ಸಿಗುವ ರಕ್ಷಣೆ. ಹತ್ತು ವರ್ಷ ವಕೀಲರ ಫೀಸು ಕಟ್ಟುವ ತಾಕತ್ತು ಗೂಗಲ್‌ಗಿತ್ತು. ಕೋರಮಂಗಲದ ಐದಾರು ಮಂದಿಯ ಸ್ಟಾರ್ಟಪ್‌ಗೆ ಒಂದು ಲೀಗಲ್ ನೋಟಿಸ್ ಬಂದರೆ ಸಾಕು, ಬಾಗಿಲು ಹಾಕಬೇಕಾಗುತ್ತದೆ.

ಹಾಗೆಂದು ಗೂಗಲ್ ಸಾಚಾ ಏನಲ್ಲ. ಜಾವಾದಲ್ಲಿ ತನಗೆ ಬೇಕಾದಷ್ಟನ್ನೇ ತೆಗೆದುಕೊಂಡಿತು. ಡೆಸ್ಕ್‌ಟಾಪ್‌ನ ಜಾವಾ ಪ್ರೋಗ್ರಾಂ ಆಂಡ್ರಾಯ್ಡ್‌ನಲ್ಲಿ ಇದ್ದಹಾಗೇ ಓಡುವುದಿಲ್ಲ. ಸನ್ನಾದರೂ ಏನು ಕಡಿಮೆ? ‘ಒಮ್ಮೆ ಬರೆಯಿರಿ, ಎಲ್ಲೆಡೆ ಓಡಿಸಿ’ ಎಂದು 1995ರಲ್ಲಿ ಡಂಗುರ ಹೊಡೆದದ್ದು ಅದೇ. ಅಪಾಚೆ ಪ್ರತಿಷ್ಠಾನ ‘ಹಾರ್ಮನಿ’ ಎಂಬ ಮುಕ್ತ ಜಾವಾ ಕಟ್ಟಿ ಹೊಂದಾಣಿಕೆ ಪರೀಕ್ಷೆಯ ಕಿಟ್ ಕೇಳಿದಾಗ, ಮೊಬೈಲ್‌ಗೆ ಹೋಗದಂತೆ ಬೇಲಿ ಹಾಕುವ ಷರತ್ತು ಇಟ್ಟದ್ದೂ ಅದೇ! ಮಾಲೀಕತ್ವ ಒರಾಕಲ್‌ಗೆ ಬಂದ ಮೇಲೂ ಷರತ್ತು ಸಡಿಲವಾಗಲಿಲ್ಲ. 2010ರ ಡಿಸೆಂಬರ್‌ನಲ್ಲಿ ಅಪಾಚೆ ಜಾವಾದ ಕಾರ್ಯಕಾರಿ ಸಮಿತಿಯಿಂದ ಎದ್ದು ಬಂತು.

ಯುರೋಪಿನ ನ್ಯಾಯಾಲಯ ಇಷ್ಟು ಸುತ್ತು ಹಾಕಲಿಲ್ಲ. ಪ್ರೋಗ್ರಾಂ ಮಾಡುವ ಕೆಲಸಕ್ಕಾಗಲಿ, ಪ್ರೋಗ್ರಾಮಿಂಗ್ ಭಾಷೆಗಾಗಲಿ, ಡೇಟಾ ಫೈಲಿನ ನಮೂನೆಗಾಗಲಿ ಪ್ರೋಗ್ರಾಮಿಗಿರುವ ಕಾಪಿರೈಟ್ ಅನ್ವಯಿಸದು ಎಂದು 2012ರಲ್ಲೇ, ಎಸ್‌ಎಎಸ್ ಪ್ರಕರಣದಲ್ಲಿ, ಹೇಳಿಬಿಟ್ಟಿತು. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ 1999ರ ತಿದ್ದುಪಡಿಯಿಂದೀಚೆಗೆ, ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಹೊಂದಿಕೊಂಡು ನಡೆಯಲು ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿ ಪಡೆಯಲು ಅವಕಾಶ ಕೊಟ್ಟಿದೆ. ಇಣುಕಿ ನೋಡಲು ಅಡ್ಡಿಯಿಲ್ಲ, ಸರಿ. ಕಂಡ ಹೆಸರುಗಳನ್ನು ಹಾಗೇ ಬಳಸಬಹುದೇ? ಬಳಸಬಹುದು ಎಂದು ಸಂಸತ್ತು ಅಲ್ಲಿ ಇನ್ನೊಂದು ವಾಕ್ಯ ಸೇರಿಸಬೇಕು.

ದುಡ್ಡು ಹಾಕಿ ಭಾಷೆ ಬೆಳೆಸಿದವರಿಗೆ ಏನು ಸಿಕ್ಕಿತು ಎಂದು ಒರಾಕಲ್ ಪರದವರು ಕೇಳುತ್ತಾರೆ. ಕೆಲಸ ಮಾಡುವ ಕೋಡಿನ ಕಾಪಿರೈಟ್ ಅವರ ಬಳಿಯೇ ಇದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. ಇನ್ನು ಒರಾಕಲ್ ಡೇಟಾಬೇಸ್ 1979ರಲ್ಲಿ ಮಾರುಕಟ್ಟೆಗೆ ಬಂದದ್ದೇ ಐಬಿಎಂ ಸಂಶೋಧಕರು ರೂಪಿಸಿದ ಎಸ್‌ಕ್ಯುಎಲ್ ಭಾಷೆಯನ್ನು ಇಟ್ಟುಕೊಂಡು. ‘ಸೆಲೆಕ್ಟ್’, ‘ಫ್ರಂ’, ‘ವೇರ್’ಗಳಿಗೆ ಐಬಿಎಂ ಅಂದೇ ಬಾಡಿಗೆ ಕೇಳಿದ್ದರೆ ಒರಾಕಲ್ ಏನು ಮಾರುತ್ತಿತ್ತು?