ಕ್ಷಿಪಣಿ ನೋಡಿದೆವು, ಒಲೆ ನೋಡಿದೆವೇ?

ಮೂಡುಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ತೋರಿಸುತ್ತ, ಆ ವಂಶದ ರಾಣಿ ಅಬ್ಬಕ್ಕನು ಪೋರ್ತುಗೀಜರೊಡನೆ ಕಾದಿದ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಬಂಟ್ವಾಳದ ಕಡೆಯ ಹುಡುಗನೊಬ್ಬನು ಕೇಳಿದನು: “ಕಡಲಿಗೆ ಹೋದಾಗ ರಾಣಿಯ ಜನ ಊಟಕ್ಕೆ ಏನು ಮಾಡುತ್ತಿದ್ದರು, ಸರ್?” ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮಕ್ಕಳೊಡನೆ ಕಾರವಾರಕ್ಕೆ ಹೋದೆ. ಅಲ್ಲಿಯ ಟಾಗೋರ್ ಕಡಲತೀರದಲ್ಲಿ ‘ಐ.ಎನ್.ಎಸ್. ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು 2006ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ನಿಲ್ಲಿಸಿದರಷ್ಟೆ. ಸೋವಿಯತ್ ದೇಶದಲ್ಲಿ ಕಟ್ಟಿದ ಈ ನೌಕೆಯು 1976ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ 2005ರಲ್ಲಿ ನಿವೃತ್ತವಾಯಿತು. (1971ರಲ್ಲಿ ಕರಾಚಿಯ ಮೇಲೆ ಎರಗಿದುದು ಇದೇ ಎನ್ನುವವರುಂಟು. ಅದು ಇದರ ಹಿರಿಯಣ್ಣಂದಿರ ಸಾಹಸ.)

ಮಕ್ಕಳು ಕ್ಷಿಪಣಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ತಪ್ಪೇನಲ್ಲ. ಆದರೆ ಸುಮಾರು 39 ಮೀಟರ್ ಉದ್ದದ ಈ ಲೋಹದ ಪೆಟ್ಟಿಗೆಯಲ್ಲಿ, ಯಂತ್ರಗಳಿಗೂ ಆಯುಧಗಳಿಗೂ ಸ್ಥಳ ಬಿಟ್ಟು ಉಳಿದ ಇಕ್ಕಟ್ಟಿನಲ್ಲಿ, ಸುಮಾರು 30 ಮಂದಿ ಬಾಳಿದರೆಂಬುದೇ ನನಗೆ ಹೆಚ್ಚಿನ ಸಂಗತಿಯಾಗಿ ಕಂಡಿತು. ಇಬ್ಬರು ಎದುರಾದರೆ ಒಬ್ಬನು ಗೋಡೆಗೆ ಒರಗಿ ದಾರಿ ಬಿಡಬೇಕು. ಊರು ಬೇರೆ, ಮನೆಮಾತು ಬೇರೆ. ಒಲೆ ಮಾತ್ರ ಒಂದೇ.

ಹಗಲಿರುಳನ್ನು ನಾಲ್ಕು ನಾಲ್ಕು ಗಂಟೆಗಳ ಪಹರೆಗಳಾಗಿ ಹಂಚಿಕೊಳ್ಳುವುದು ಯುದ್ಧನೌಕೆಗಳ ಹಳೆಯ ರೂಢಿ. ಸಂಜೆ 4ರಿಂದ 8ರವರೆಗಿನ ಪಹರೆಯನ್ನು ಮಾತ್ರ ಎರಡಾಗಿ ಸೀಳುತ್ತಾರೆ. ಆರು ಪಹರೆಗಳು ಏಳಾಗುತ್ತವೆ. ಸರದಿ ದಿನದಿನವೂ ಜಾರುತ್ತದೆ. ನಡುರಾತ್ರಿಯ ಕಾವಲು ಒಬ್ಬನ ತಲೆಗೇ ಕಟ್ಟಿಹೋಗುವುದಿಲ್ಲ. ಒಟ್ಟಿಗೆ ಬಾಳುವವರು ಕಂಡುಕೊಂಡ ಇಂಥ ನ್ಯಾಯ ಶೌರ್ಯಕ್ಕಿಂತ ಕಡಮೆಯದೇ? ನಮ್ಮ ಪಾಠಗಳಲ್ಲಿ ಅದಕ್ಕೆ ಎಡೆಯಿಲ್ಲ.

ಸಾವಿರಕ್ಕೂ ಮಿಕ್ಕ ಜನ ಬಾಳಿದ ‘ವಿಕ್ರಾಂತ್’ ಮುಂಬಯಿಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಗುಜರಿಗೆ ಮಾರಾಟವಾಯಿತು. ಉಕ್ಕು ಹೋಯಿತು, ಸರಿ. ಅದರ ಊಟದ ಪಂಕ್ತಿ, ಜಗಳ, ಹಬ್ಬ, ಮನೆಯ ಕಾಗದಕ್ಕಾಗಿ ಕಾದುದು, ಇವನ್ನು ಬಲ್ಲವರಾದರೂ ಇನ್ನೂ ಇದ್ದಾರೆ. ನಮ್ಮ ಬಂಟ್ವಾಳ, ಬೆಳ್ತಂಗಡಿಗಳ ಕಡೆಯೂ ನೌಕಾಪಡೆಯಿಂದ ಹಿಂದಿರುಗಿ ಅಡಕೆಯ ತೋಟ ನೋಡಿಕೊಂಡಿರುವ ಹಿರಿಯರುಂಟು. ಅಧ್ಯಾಪಕ ಮಿತ್ರರು ಮಕ್ಕಳನ್ನು ಕಾರವಾರಕ್ಕೆ ಒಯ್ಯುವ ಮುನ್ನ ಅಂಥವರೊಬ್ಬರ ಅಂಗಳಕ್ಕೆ ಕರೆದೊಯ್ದು, ಹೇಳಿದುದನ್ನು ಬರೆದುಕೊಳ್ಳಲು ಕಲಿಸಲಿ ಎಂಬುದಿಷ್ಟೇ ನನ್ನ ಬಿನ್ನಹ. ಅಬ್ಬಕ್ಕನ ನಾವಿಕರನ್ನು ಕೇಳುವುದಕ್ಕೆ ನಾವು ನಾನೂರು ವರ್ಷ ತಡವಾಗಿ ಬಂದವರು.

ನನ್ನ ಆ ಹುಡುಗನು ತನ್ನ ನೆರೆಯೂರಿನಲ್ಲಿ ಒಬ್ಬರನ್ನು ಹುಡುಕಿಯೂ ಆಗಿದೆ. ಬರುವ ಆದಿತ್ಯವಾರ ಹೋಗುವುದೆಂದು ನಿಶ್ಚಯ.